ಹೊಡೆದವನಿಗೆ ಚಿಕಿತ್ಸೆ: ಮರುಹಿಂಸೆ ತಡೆಯಲು ಇದನ್ನು ನೆಚ್ಚಬಹುದೇ?

ಪರ: ವಾರವಾರವೂ ಕಣ್ಣಿಗೆ ಬೀಳುವವನನ್ನು ತಡೆಯಬಹುದು

ಸಂಗಾತಿಯನ್ನು ಹೊಡೆದು ಸಿಕ್ಕಿಬಿದ್ದವನು ಜೈಲಿನಲ್ಲಿ ಕಳೆಯುವುದು ಸಾಮಾನ್ಯವಾಗಿ ಸ್ವಲ್ಪ ಕಾಲ ಮಾತ್ರ. ಮೂಳೆ ಮುರಿದಿದ್ದರೆ, ಆಯುಧ ಹಿಡಿದಿದ್ದರೆ ಮಾತು ಬೇರೆ. ಕೆನ್ನೆಗೆ ಬಾರಿಸಿದ, ಗೋಡೆಗೆ ತಳ್ಳಿದ, ಕೂದಲು ಹಿಡಿದೆಳೆದ ಪ್ರಕರಣಗಳಲ್ಲಿ ಅವನು ಬೇಗ ಹೊರಗೆ ಬರುತ್ತಾನೆ. ಅದೇ ಮನೆಗೆ ಬರುತ್ತಾನೆ, ಇಲ್ಲವೇ ಇನ್ನೊಬ್ಬಳ ಮನೆ ಸೇರುತ್ತಾನೆ. ಬಂದ ಮೇಲೆ ಅವನ ಮೇಲೆ ಯಾರ ಕಣ್ಣಿರುತ್ತದೆ? ಹೊಡೆದವರನ್ನು ಕೋರ್ಟು ವಾರವಾರ ಕಳಿಸುವ ಚಿಕಿತ್ಸಾ ಗುಂಪಿನ ಪರ ಮಾತಾಡುವವರು ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಗುಂಪು ಎಂದರೆ ಸಿಟ್ಟು ಇಳಿಸುವ ತರಗತಿ ಎಂದುಕೊಂಡವರೇ ಹೆಚ್ಚು. ಮೇಲಧಿಕಾರಿ ಬೈದಾಗ ತುಟಿ ಬಿಚ್ಚದವನು, ಪೊಲೀಸರ ಮುಂದೆ ಕೈಕಟ್ಟಿ ನಿಲ್ಲುವವನು ಮನೆಗೆ ಬಂದು ಹೊಡೆಯುತ್ತಾನೆಂದರೆ ಅವನಿಗೆ ಸಿಟ್ಟು ತಡೆಯಲು ಬರುವುದಿಲ್ಲ ಎನ್ನುವುದು ಹೇಗೆ? ಎಲ್ಲಿ ತಡೆಯಬೇಕು, ಎಲ್ಲಿ ಬಿಡಬಹುದು ಎಂಬ ಲೆಕ್ಕ ಅವನಿಗೆ ಚೆನ್ನಾಗಿಯೇ ಗೊತ್ತು. ಅಮೆರಿಕದ ಮಿನ್ನೆಸೋಟ ರಾಜ್ಯದ ಡುಲೂತ್ ಪಟ್ಟಣದಲ್ಲಿ 1980ರ ದಶಕದ ಆರಂಭದಲ್ಲಿ ರೂಪುಗೊಂಡ ಮಾದರಿ ಈ ಲೆಕ್ಕವನ್ನೇ ಗುರಿಯಾಗಿಸಿಕೊಂಡಿತು. ಹೊಡೆತದ ಜೊತೆಗೆ ಬೆದರಿಕೆ, ಹಣದ ಮೇಲಿನ ಹಿಡಿತ, ನೆಂಟರಿಷ್ಟರಿಂದ ದೂರ ಮಾಡುವುದು, ಮಕ್ಕಳನ್ನು ಮುಂದಿಟ್ಟು ಮಣಿಸುವುದು ಎಲ್ಲವನ್ನೂ ಒಂದೇ ಚಕ್ರದೊಳಗೆ ಇಟ್ಟು ತೋರಿಸಿತು. ಇಂದು ಬಹಳಷ್ಟು ಕಡೆ ನಡೆಯುವ ಗುಂಪುಗಳು ಇದಕ್ಕೆ ವರ್ತನಾ ಚಿಕಿತ್ಸೆಯ ವಿಧಾನಗಳನ್ನು ಬೆರೆಸಿಕೊಂಡಿವೆ. ಹತ್ತು ಹನ್ನೆರಡು ಮಂದಿ, ನಡೆಸಲು ಇಬ್ಬರು (ಸಾಧ್ಯವಾದರೆ ಒಬ್ಬರು ಗಂಡು, ಒಬ್ಬರು ಹೆಣ್ಣು), ವಾರಕ್ಕೊಮ್ಮೆ ಒಂದೂವರೆ ಎರಡು ಗಂಟೆ. ಕ್ಯಾಲಿಫೋರ್ನಿಯಾದ ಕಾನೂನು ವಾರಕ್ಕೆ ಎರಡು ಗಂಟೆಯಂತೆ 52 ವಾರ ಕೇಳುತ್ತದೆ, ಪ್ರೊಬೇಷನ್ (ಜೈಲಿನ ಬದಲು ಕೋರ್ಟಿನ ಷರತ್ತು, ನಿಗಾದಡಿ ಹೊರಗಿರುವುದು) ಕನಿಷ್ಠ 36 ತಿಂಗಳು.

ಒಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೊಸಬ ತನ್ನ ಕೇಸಿನ ಬಗ್ಗೆ ಹೇಳುವುದು ಹೆಚ್ಚುಕಡಿಮೆ ಒಂದೇ ಧಾಟಿ: "ಅವಳು ವಾದಕ್ಕೆ ನಿಂತಳು, ನನ್ನ ತಲೆ ಕೆಟ್ಟಿತು, ಕೈ ತಾಗಿತು." ಗುಂಪು ನಡೆಸುವವರು ಇದನ್ನು ಬಿಡಿಸುತ್ತಾ ಹೋಗುತ್ತಾರೆ. ಯಾವ ಕೈ? ಅದು ಮುಷ್ಟಿಯಾಗಿತ್ತೇ, ಅಂಗೈಯೇ? ಬಾಗಿಲು ಎಲ್ಲಿತ್ತು, ಬಾಗಿಲಿಗೂ ಅವಳಿಗೂ ನಡುವೆ ಯಾರು ನಿಂತಿದ್ದರು? ಅವಳ ಫೋನ್ ಆಗ ಯಾರ ಬಳಿ ಇತ್ತು? ಮಗು ಯಾವ ಕೋಣೆಯಲ್ಲಿತ್ತು? ಹೊಡೆಯುವ ಮುಂಚಿನ ನಿಮಿಷದಲ್ಲಿ ನಿನಗೆ ಏನಾಗಬೇಕಿತ್ತು, ಹೊಡೆದ ಮೇಲೆ ಅದು ಆಯಿತೇ? ಕೊನೆಯ ಪ್ರಶ್ನೆಗೆ ಬರುವ ಹೊತ್ತಿಗೆ "ತಲೆ ಕೆಟ್ಟಿತು" ಎಂಬ ಕಥೆ ನಿಲ್ಲುವುದಿಲ್ಲ. ಫೋನನ್ನು ಅವನು ಮೊದಲೇ ಕಿತ್ತುಕೊಂಡಿದ್ದ, ಬಾಗಿಲಿಗೆ ಅಡ್ಡ ನಿಂತಿದ್ದ, ಅವಳು ಬಾಯಿ ಮುಚ್ಚಬೇಕಿತ್ತು, ಮುಚ್ಚಿದಳು. ಈ ಹಂತಕ್ಕೆ ಬರಲು ಕೆಲವರಿಗೆ ನಾಲ್ಕು ವಾರ ಸಾಕು, ಕೆಲವರಿಗೆ ಆರು ತಿಂಗಳಾದರೂ ಸಾಲದು. ಅವನನ್ನು ಕದಲಿಸುವುದರಲ್ಲಿ ಗುಂಪು ನಡೆಸುವವರಿಗಿಂತ ಪಕ್ಕದ ಕುರ್ಚಿಯಲ್ಲಿರುವ, ಇದೇ ಕಥೆಯನ್ನು ತಾನೂ ಹೇಳಿ ಮುಗಿಸಿರುವ ಇನ್ನೊಬ್ಬನ ಕೈಯೇ ಮೇಲು.

ಆಮೇಲೆ ಬರುವುದು ಕೈಗೆ ಸಿಗುವ ಉಪಾಯಗಳು. ಅವುಗಳಲ್ಲಿ 'ಟೈಮ್ ಔಟ್' ಅತ್ಯಂತ ಸರಳ, ಅಷ್ಟೇ ಸುಲಭವಾಗಿ ಕೆಡುವಂಥದ್ದು. ದವಡೆ ಬಿಗಿಯುವುದು, ಧ್ವನಿ ಏರುವುದು, ಅವಳ ಹತ್ತಿರಕ್ಕೆ ಹೆಜ್ಜೆ ಇಡುವುದು ಹೀಗೆ ತನ್ನ ಮೈಯ ಸೂಚನೆಗಳನ್ನು ಅವನು ಮೊದಲೇ ಬರೆದಿಟ್ಟುಕೊಂಡಿರಬೇಕು. ಸೂಚನೆ ಕಂಡ ಕೂಡಲೇ "ಒಂದು ಗಂಟೆ ಹೊರಗೆ ಹೋಗಿ ಬರುತ್ತೇನೆ" ಎಂದಷ್ಟೇ ಹೇಳಿ ಹೊರಡಬೇಕು. ಕುಡಿಯುವಂತಿಲ್ಲ, ಗಾಡಿ ಓಡಿಸುವಂತಿಲ್ಲ, ಗೆಳೆಯನಿಗೆ ಫೋನ್ ಮಾಡಿ ಅವಳನ್ನು ದೂರುವಂತಿಲ್ಲ. ಗಂಟೆ ಮುಗಿದಾಗ ವಾಪಸ್ ಬರುವ ಮುನ್ನ ಫೋನ್ ಮಾಡಬೇಕು. ಬಂದ ಮೇಲೆ ಜಗಳದ ವಿಷಯ ಮತ್ತೆ ಎತ್ತಬೇಕೋ ಬೇಡವೋ ಅವಳ ಇಷ್ಟ. ಇದು ಕೆಡುವುದು ಹೀಗೆ: ಅವಳು ಮನೆಖರ್ಚಿನ ಮಾತೆತ್ತಿದಾಗಲೆಲ್ಲ ಅವನು ಟೈಮ್ ಔಟ್ ಎಂದು ಎದ್ದು ಹೋಗುತ್ತಾನೆ, ಅಥವಾ "ನೀನೇ ಟೈಮ್ ಔಟ್ ತೊಗೋ" ಎಂದು ಅವಳನ್ನು ಹೊರಗಟ್ಟುತ್ತಾನೆ. ಅದಕ್ಕೇ ನಿಯಮಗಳನ್ನು ಅವಳಿಗೂ ಪ್ರತ್ಯೇಕವಾಗಿ, ಅವನಿಲ್ಲದಾಗ ತಿಳಿಸಿರಬೇಕು.

ಎಲ್ಲರಿಗೂ ಒಂದೇ ಅಳತೆ ಎಂಬುದು ಹಳೆಯ ಗುಂಪುಗಳ ದೊಡ್ಡ ದೋಷವಾಗಿತ್ತು, ಜ್ವರಕ್ಕೂ ಮುರಿದ ಕಾಲಿಗೂ ಒಂದೇ ಗುಳಿಗೆ ಕೊಟ್ಟ ಹಾಗೆ. ಕೊಲರಾಡೊ ರಾಜ್ಯ 2010ರಲ್ಲಿ 36 ವಾರಗಳ ಗೊತ್ತಾದ ಅವಧಿಯನ್ನು ಕೈಬಿಟ್ಟು ಅಪಾಯದ ಮಟ್ಟಕ್ಕೆ ತಕ್ಕ ಚಿಕಿತ್ಸೆಗೆ ಬದಲಾಯಿತು. ಮೂರು ದರ್ಜೆಗಳು. ಕೆಳಗಿನದಕ್ಕೆ ವಾರಕ್ಕೊಂದು ಭೇಟಿ, ನಡುವಿನದಕ್ಕೆ ಅದರ ಮೇಲೆ ಇನ್ನಷ್ಟು, ಮೇಲಿನದಕ್ಕೆ ವಾರಕ್ಕೆ ಎರಡು. ನಿರ್ಧಾರ ಒಬ್ಬರದಲ್ಲ. ಚಿಕಿತ್ಸಕರು, ಪ್ರೊಬೇಷನ್ ಅಧಿಕಾರಿ ಮತ್ತು ಸಂತ್ರಸ್ತೆಯ ಪರ ಕೆಲಸ ಮಾಡುವ ಕಾರ್ಯಕರ್ತೆ, ಮೂವರೂ ಕೂತು ತೀರ್ಮಾನಿಸುತ್ತಾರೆ. ದರ್ಜೆ ನಿರ್ಧರಿಸಲು ಅಳತೆಪಟ್ಟಿಗಳಿವೆ. ಕೆನಡಾದ ಒಂಟಾರಿಯೊದಲ್ಲಿ ರೂಪಿಸಿದ 'ಒಡಾರಾ' ಪಟ್ಟಿಯಲ್ಲಿ ಹೌದು-ಇಲ್ಲ ಎಂದು ಉತ್ತರಿಸಬೇಕಾದ 13 ಅಂಶಗಳಿವೆ: ಹಿಂದೆ ಹೊಡೆದಿದ್ದನೇ, ಕೊಲ್ಲುವ ಬೆದರಿಕೆ ಹಾಕಿದ್ದನೇ, ಕೂಡಿಹಾಕಿದ್ದನೇ, ಬಸುರಿಯಾಗಿದ್ದಾಗ ಕೈ ಮಾಡಿದ್ದನೇ, ಮತ್ತೆ ಹೊಡೆಯುತ್ತಾನೆಂಬ ಭಯ ಅವಳಿಗಿದೆಯೇ, ಹೀಗೆ. ಅಂಕ ಏನೇ ಬರಲಿ, ಕತ್ತು ಹಿಸುಕಿದ ಚರಿತ್ರೆ ಇದ್ದರೆ ಅದನ್ನು ಬೇರೆಯಾಗಿಯೇ ನೋಡಬೇಕು. ಅಂಥ ಘಟನೆ ನಡೆದ ಮನೆಗಳಲ್ಲಿ ಮುಂದೆ ಕೊಲೆಯಾಗುವ ಸಂಭವ ಸುಮಾರು ಏಳು ಪಟ್ಟು ಎಂದು 2008ರ ಅಮೆರಿಕನ್ ಅಧ್ಯಯನವೊಂದು ತೋರಿಸಿದೆ.

ಮರುಹಿಂಸೆ ಯಾವಾಗ ನಡೆಯುತ್ತದೆ ಎಂಬುದರ ಮೇಲೆ ಚಿಕಿತ್ಸೆಯ ವೇಳಾಪಟ್ಟಿ ನಿಲ್ಲಬೇಕು. ಅಮೆರಿಕದ ಸಂಶೋಧಕ ಎಡ್ವರ್ಡ್ ಗೊಂಡಾಲ್ಫ್ ಪಿಟ್ಸ್‌ಬರ್ಗ್, ಡಲ್ಲಾಸ್, ಹ್ಯೂಸ್ಟನ್, ಡೆನ್ವರ್ ಎಂಬ ನಾಲ್ಕು ನಗರಗಳಲ್ಲಿ 840 ಗಂಡಸರನ್ನು ನಾಲ್ಕು ವರ್ಷ ಹಿಂಬಾಲಿಸಿದರು. ಮತ್ತೆ ಹೊಡೆದವರಲ್ಲಿ ಹೆಚ್ಚಿನವರು ಗುಂಪಿಗೆ ಸೇರಿದ ಮೊದಲ ಆರು ತಿಂಗಳೊಳಗೇ ಹೊಡೆದಿದ್ದರು. ಅಂದರೆ ಬಂಧನವಾಗಿ ಮೂರು ತಿಂಗಳ ಮೇಲೆ ಮೊದಲ ತರಗತಿ ಕೊಡುವ ವ್ಯವಸ್ಥೆ ಮಳೆ ನಿಂತ ಮೇಲೆ ಕೊಡೆ ಕೊಟ್ಟಂತೆ. ಬಂಧನವಾದ ಎರಡು ವಾರದೊಳಗೆ ಮೊದಲ ಸಂದರ್ಶನ, ಮೊದಲ ತಿಂಗಳು ವಾರಕ್ಕೆ ಎರಡು ಮೂರು ಭೇಟಿ, ಆಮೇಲೆ ನಿಧಾನವಾಗಿ ಕಡಿಮೆ ಎಂಬ ಕ್ರಮ ಬೇಕು. ಗೈರಾದವನನ್ನು ಕೋರ್ಟು ಕೇಳುವುದೂ ಅಷ್ಟೇ ಮುಖ್ಯ. ಪಿಟ್ಸ್‌ಬರ್ಗ್‌ನಲ್ಲಿ 1990ರ ದಶಕದ ನಡುವೆ, ಗುಂಪಿಗೆ ಕಳಿಸಿದವನು ಹೋದನೋ ಇಲ್ಲವೋ ಎಂದು ಕೋರ್ಟೇ ದಿನ ಗೊತ್ತುಮಾಡಿ ವಿಚಾರಿಸಲು ಶುರುಮಾಡಿದ ಮೇಲೆ ಮೊದಲ ದಿನವೇ ತಪ್ಪಿಸಿಕೊಳ್ಳುವವರ ಸಂಖ್ಯೆ ತೀವ್ರವಾಗಿ ಇಳಿಯಿತು. ಪಾಠ ಒಂದಿಷ್ಟೂ ಬದಲಾಗಿರಲಿಲ್ಲ.

ಕುಡಿತದ ಮಾತು ಬೇರೆ ಹೇಳಬೇಕಿಲ್ಲ. ಗೊಂಡಾಲ್ಫ್ ಅಧ್ಯಯನದಲ್ಲಿ ಮರುಹಿಂಸೆಯ ಅತಿ ಗಟ್ಟಿಯಾದ ಸೂಚನೆ, ಚಿಕಿತ್ಸೆಯ ನಡುವೆಯೂ ಅವನು ಕುಡಿದು ಅಮಲೇರಿಸಿಕೊಳ್ಳುತ್ತಿದ್ದ ಎಂಬುದು. ಕುಡಿತ ಹಿಂಸೆಗೆ ಕಾರಣ ಅಲ್ಲ ಎನ್ನುವ ಗುಂಪುಗಳು ತತ್ವದಲ್ಲಿ ಸರಿ. ಆದರೆ ಆ ಕಾರಣಕ್ಕೆ ಕುಡಿತದ ಚಿಕಿತ್ಸೆಯನ್ನು ಇನ್ನಾರಿಗೋ ಬಿಟ್ಟು ಕೈತೊಳೆದುಕೊಂಡರೆ ಗುಂಪಿನ ಅರ್ಧ ಶ್ರಮ ನೀರಿಗೆ.

ಸಂಶೋಧಕಿ ಜೂಲಿಯಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು 2004ರಲ್ಲಿ 22 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಬರೀ ಬಂಧನಕ್ಕಿಂತ ಬಂಧನದ ಜೊತೆ ಗುಂಪು ಸೇರಿಸಿದರೆ ಸಿಗುವ ಲಾಭ, ಮತ್ತೆ ಹೊಡೆಯದವರು ನೂರಕ್ಕೆ ಸುಮಾರು ಐದು ಮಂದಿ ಹೆಚ್ಚು, ಅಷ್ಟೇ ಎಂದು ಕಂಡಿತು. ಚಿಕ್ಕದು ನಿಜ. ಆದರೆ ಅದು ಸರಾಸರಿ. ಗೈರನ್ನು ಯಾರೂ ಕೇಳದ ಗುಂಪು, ಮನೆಯವಳೊಡನೆ ಮಾತೇ ಆಡದ ಗುಂಪು, ಪುಸ್ತಕ ಓದಿ ಮುಗಿಸುವ ಗುಂಪು ಎಲ್ಲವೂ ಅದರಲ್ಲಿ ಸೇರಿವೆ. ತಪ್ಪಿದವನನ್ನು ಅದೇ ವಾರ ಕರೆಸುವ, ಅಪಾಯ ಏರಿದರೆ ಮೂವರೂ ಕೂತು ದರ್ಜೆ ಏರಿಸುವ, ವರ್ಷ ಮುಗಿದ ಮೇಲೂ ತಿಂಗಳಿಗೊಮ್ಮೆ ಕರೆಯುವ ಗುಂಪಿಗೆ ಅದೇ ಐದರ ಹಣೆಪಟ್ಟಿ ಅಂಟಿಸುವುದು ಸರಿಯಲ್ಲ. ಬೇರೆ ಯಾವ ವ್ಯವಸ್ಥೆಯೂ ಒಬ್ಬ ಹೊಡೆದವನನ್ನು 52 ವಾರ ಎದುರಿಗೆ ಕೂರಿಸಿ, ಅವನ ಮುಖ ನೋಡಿ, ಈ ವಾರ ಏನೋ ಸರಿಯಿಲ್ಲ ಎಂದು ಗುರುತಿಸುವುದಿಲ್ಲ.

ವಿರೋಧ: ಕೆಲಸ ಮಾಡುವುದು ಕಾವಲು, ಪಾಠವಲ್ಲ

ಮೇಲಿನ ವಾದದ ಕೊನೆಯ ವಾಕ್ಯವನ್ನೇ ಹಿಡಿದು ಹೊರಡೋಣ. ವಾರಕ್ಕೊಮ್ಮೆ ಅವನ ಮುಖ ನೋಡುವುದರಿಂದ ಲಾಭವಿದೆ ಎಂದರೆ, ಲಾಭ ಮುಖ ನೋಡುವುದರಿಂದ ಬಂತೋ ಪಾಠ ಹೇಳುವುದರಿಂದ ಬಂತೋ? ಪಿಟ್ಸ್‌ಬರ್ಗ್‌ನ ಉದಾಹರಣೆ ಕೊಟ್ಟು "ಪಾಠ ಒಂದಿಷ್ಟೂ ಬದಲಾಗಿರಲಿಲ್ಲ" ಎಂದವರೂ ಪರ ವಾದದವರೇ.

ಈ ಎರಡನ್ನು ಬೇರ್ಪಡಿಸಿ ನೋಡಲು ಪ್ರಯೋಗಗಳಾಗಿವೆ. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ 404 ಅಪರಾಧಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಎಲ್ಲರಿಗೂ ಒಂದು ವರ್ಷ ಪ್ರೊಬೇಷನ್, ಒಂದು ಪಾಲಿಗೆ ಮಾತ್ರ ಅದರ ಜೊತೆ 26 ವಾರದ ಗುಂಪು. ಧೋರಣೆಯಲ್ಲಾಗಲಿ, ಮನೆಯವರು ಹೇಳಿದ ಹಿಂಸೆಯಲ್ಲಾಗಲಿ, ಮರುಬಂಧನದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಸ್ಯಾನ್ ಡಿಯೆಗೊದ ನೌಕಾಪಡೆಯಲ್ಲಿ 861 ದಂಪತಿಗಳ ಮೇಲೆ ನಡೆದ, 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಲ್ಕು ಪಾಲು: ಗಂಡಸರ ಗುಂಪು, ದಂಪತಿಗಳ ಗುಂಪು, ಬರೀ ಕಟ್ಟುನಿಟ್ಟಿನ ನಿಗಾ, ಮತ್ತು ಇವು ಯಾವುದೂ ಇಲ್ಲದ ಪಾಲು. ಅಲ್ಲೂ ಅಷ್ಟೇ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 376 ಗಂಡಸರ ಮೇಲೆ ನಡೆದದ್ದು ಇನ್ನೂ ಕುತೂಹಲದ್ದು. ಅದೇ ಪಾಠವನ್ನು ಕೆಲವರಿಗೆ 26 ವಾರಕ್ಕೆ ಹಂಚಿದರು, ಕೆಲವರಿಗೆ 8 ವಾರದಲ್ಲಿ ಒತ್ತೊತ್ತಾಗಿ ಮುಗಿಸಿದರು, ಉಳಿದವರಿಗೆ ಸಮುದಾಯ ಸೇವೆ. 8 ವಾರದ ಪಾಠವನ್ನು ಹೆಚ್ಚು ಜನ ಮುಗಿಸಿದರು. ಆದರೆ ಹೊಸ ದೂರು ಕಡಿಮೆಯಾದದ್ದು 26 ವಾರದವರ ಮೇಲೆ. ಅವರ ಧೋರಣೆಯೂ ಬದಲಾಗಿರಲಿಲ್ಲ. ಪಾಠ ಒಂದೇ, ಮುಗಿಸಿದವರು ಕಡಿಮೆ, ಮನಸ್ಸು ಬದಲಾಗಿಲ್ಲ, ಆದರೂ ಹಿಂಸೆ ಇಳಿಯಿತು ಎಂದರೆ ಅದಕ್ಕೆ ಕಾರಣ ಆರು ತಿಂಗಳು ಯಾರೋ ಹಾಜರಿ ತೆಗೆದುಕೊಳ್ಳುತ್ತಿದ್ದರು ಎಂಬುದಲ್ಲದೆ ಇನ್ನೇನು?

ಗುಂಪು ಪೂರ್ತಿ ಮುಗಿಸಿದವರು ಕಡಿಮೆ ಹೊಡೆಯುತ್ತಾರೆ, ಅರ್ಧಕ್ಕೆ ಬಿಟ್ಟವರು ಹೆಚ್ಚು ಹೊಡೆಯುತ್ತಾರೆ ಎಂಬ ಅಂಕಿಯನ್ನೂ ಎಚ್ಚರದಿಂದ ಓದಬೇಕು. ವಾರವಾರ ತಪ್ಪದೆ ಬರುವವನು ಯಾರು? ಕಾಯಂ ಕೆಲಸ, ಸ್ವಂತ ವಿಳಾಸ, ಕಳೆದುಕೊಳ್ಳಲು ಏನಾದರೂ ಇರುವವನು. ಅಂಥವನು ಗುಂಪಿಲ್ಲದಿದ್ದರೂ ಮತ್ತೆ ಸಿಕ್ಕಿಬೀಳುವುದು ಕಡಿಮೆ. ಬ್ರೋವರ್ಡ್‌ನಲ್ಲಿ ಮರುಬಂಧನವನ್ನು ಮುಂಚಿತವಾಗಿ ಹೇಳಬಲ್ಲ ಸಂಗತಿಗಳೆಂದು ಕಂಡದ್ದು ವಯಸ್ಸು, ಉದ್ಯೋಗ, ನೆಲೆ ಇಂಥವೇ. ಶ್ರೇಯಸ್ಸು ಗುಂಪಿನ ಖಾತೆಗೆ ಹೋಗುತ್ತದೆ, ಅಷ್ಟೇ.

ಇಷ್ಟಕ್ಕೇ ನಿಂತಿದ್ದರೆ ಗುಂಪು ಒಂದು ನಿರುಪದ್ರವಿ ಖರ್ಚು ಎಂದು ಸುಮ್ಮನಿರಬಹುದಿತ್ತು. ಅದು ನಿರುಪದ್ರವಿ ಅಲ್ಲ. ಗೊಂಡಾಲ್ಫ್ ಅವರೇ 1980ರ ದಶಕದಲ್ಲಿ ಆಶ್ರಯತಾಣಗಳಲ್ಲಿದ್ದ ಹೆಣ್ಣುಮಕ್ಕಳ ಬಗ್ಗೆ ಕಂಡುಕೊಂಡದ್ದು: ಅವಳು ಅವನ ಬಳಿಗೆ ವಾಪಸಾಗುವುದನ್ನು ಅತಿ ಬಲವಾಗಿ ಸೂಚಿಸುವ ಸಂಗತಿ, ಅವನು ಸಮಾಲೋಚನೆಗೆ ಹೋಗುತ್ತಿದ್ದಾನೆ ಎಂಬುದು. ಬದಲಾಗಿದ್ದಾನೆ ಎಂಬುದಲ್ಲ, ಹೋಗುತ್ತಿದ್ದಾನೆ ಎಂಬುದು. ಪರ ವಾದ ತಾನೇ ಹೇಳುವಂತೆ ಮೊದಲ ಆರು ತಿಂಗಳೇ ಅತಿ ಅಪಾಯದ ಕಾಲ. ಅದೇ ಆರು ತಿಂಗಳಲ್ಲಿ ಗುಂಪಿನ ಹೆಸರು ಹೇಳಿ ಅವಳನ್ನು ಮನೆಗೆ ಕರೆಸಿಕೊಳ್ಳಲಾಗುತ್ತದೆ. ಮಕ್ಕಳ ಕಸ್ಟಡಿಯ ವಿಚಾರಣೆಯಲ್ಲಿ ಅವನ ವಕೀಲ ಮೊದಲು ಎತ್ತಿ ಹಿಡಿಯುವ ಕಾಗದವೂ ಗುಂಪಿನ ಸರ್ಟಿಫಿಕೇಟೇ.

ಒಳಗೆ ಕಲಿತದ್ದು ಹೊರಗೆ ಏನಾಗುತ್ತದೆ? ಟೈಮ್ ಔಟ್ ಕೆಡುವ ಬಗೆಯನ್ನು ಪರ ವಾದದವರೇ ವಿವರಿಸಿದ್ದಾರೆ. ಚಕ್ರದ ಚಿತ್ರದ ಗತಿಯೂ ಅದೇ. ಅದನ್ನು ಮನೆಗೆ ತಂದು "ನೋಡು, ನೀನು ನಿನ್ನ ಅಮ್ಮನ ಮನೆಗೆ ಹೋಗುವುದು ಬೆದರಿಕೆಯ ಪಾಲಿಗೆ ಬರುತ್ತದೆ" ಎಂದು ಅವಳಿಗೇ ಪಾಠ ಮಾಡುವವರಿದ್ದಾರೆ. ಹೊಡೆತ ನಿಲ್ಲಿಸಿ ಹಿಡಿತ ಬಿಗಿ ಮಾಡುವುದೂ ಉಂಟು. ಅವಳ ಫೋನಿನ ಲೊಕೇಶನ್ ಆನ್ ಇರಬೇಕು, ಕೆಲಸದಿಂದ ಇಷ್ಟು ಹೊತ್ತಿಗೆ ಬರಬೇಕು, ಬ್ಯಾಂಕ್ ಕಾರ್ಡ್ ತನ್ನ ಬಳಿ ಇರಬೇಕು. ಪೊಲೀಸ್ ದಾಖಲೆಯಲ್ಲಿ ಇವು ಯಾವುವೂ ಮೂಡುವುದಿಲ್ಲ, ಗುಂಪಿನ ಯಶಸ್ಸಿನ ಲೆಕ್ಕದಲ್ಲಿ ಅವನು ಪಾಸು.

ಮನೆಯವಳೊಡನೆ ಮಾತಾಡುತ್ತೇವೆ ಎಂಬ ಭರವಸೆಯ ಒಳಗೂ ಅಪಾಯವಿದೆ. ಅವಳು ಶನಿವಾರ ರಾತ್ರಿಯ ಗಲಾಟೆಯ ಬಗ್ಗೆ ಫೋನಿನಲ್ಲಿ ಹೇಳುತ್ತಾಳೆ. ಬುಧವಾರ ಗುಂಪಿನಲ್ಲಿ ನಡೆಸುವವರು ಅವನತ್ತಲೇ ತಿರುಗಿ "ವಾರಾಂತ್ಯ ಹೇಗಿತ್ತು?" ಎನ್ನುತ್ತಾರೆ. ಹಿಂದಿನ ವಾರ ಕೇಳದ ಪ್ರಶ್ನೆ. ಅವನಿಗೆ ಅರ್ಥವಾಗಲು ಅರೆಕ್ಷಣ ಸಾಕು. ಗೊತ್ತಿರುವವರು ಇದನ್ನು ತಪ್ಪಿಸಲು ಪ್ರತಿ ವಾರ ಎಲ್ಲರಿಗೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುತ್ತಾರೆ, ಅವಳೊಡನೆ ಮಾತಾಡುವವರನ್ನು ಗುಂಪು ನಡೆಸುವವರಿಂದ ದೂರವೇ ಇಡುತ್ತಾರೆ. ಗೊತ್ತಿಲ್ಲದವರೂ ಗುಂಪು ನಡೆಸುತ್ತಾರೆ.

ಇನ್ನು ದುಡ್ಡು. ಬಹಳಷ್ಟು ಕಡೆ ಗುಂಪಿನ ಖರ್ಚನ್ನು ಬರುವವನೇ ಕೊಡಬೇಕು. ಕೊಡಲಾಗದವನು ಬಿಡುತ್ತಾನೆ. ಶುಲ್ಕದ ಮೇಲೆ ಬದುಕುವ ಸಂಸ್ಥೆ, ನಾಲ್ಕನೇ ಗೈರನ್ನು ವರದಿ ಮಾಡಿದರೆ ಒಬ್ಬ ಗಿರಾಕಿಯನ್ನು ಕಳೆದುಕೊಳ್ಳುತ್ತದೆ. ಹೀಗಿರುವಾಗ ವರದಿ ತಡವಾಗುತ್ತದೆ, ಪ್ರೊಬೇಷನ್ ಅಧಿಕಾರಿಯ ಮೇಜಿನ ಮೇಲೆ ಇನ್ನಷ್ಟು ದಿನ ಕೂರುತ್ತದೆ, ಕೋರ್ಟಿನಲ್ಲಿ ಇನ್ನೊಂದು ಅವಕಾಶ ಸಿಗುತ್ತದೆ. ತಪ್ಪು ಮಾಡಿದ ದಿನಕ್ಕೂ ಪರಿಣಾಮಕ್ಕೂ ಎರಡು ಮೂರು ತಿಂಗಳ ಅಂತರ ಬಿದ್ದರೆ ನಿಯಮವೇ ಇಲ್ಲ ಎಂದು ಅವನು ಕಲಿಯುತ್ತಾನೆ. ಅಷ್ಟನ್ನು ಮಾತ್ರ ಚೆನ್ನಾಗಿ ಕಲಿಯುತ್ತಾನೆ.

ಹಾಗಾದರೆ ಮಾಡಬೇಕಾದದ್ದೇನು? ಬರೀ ಬಂಧನ ಸಾಲದು, ಅದನ್ನು ಒಪ್ಪಬೇಕು. ಬಂಧನದ ಫಲ ಅಳೆಯಲು ಮಿನ್ನಿಯಾಪೊಲಿಸ್‌ನಲ್ಲಿ ನಡೆಸಿದ ಪ್ರಯೋಗ 1984ರಲ್ಲಿ ಪ್ರಕಟವಾದಾಗ ಬಂಧನ ಮರುಹಿಂಸೆ ತಗ್ಗಿಸುತ್ತದೆ ಎಂದು ಎಲ್ಲರೂ ಹಿಗ್ಗಿದರು. ಅದನ್ನೇ ಬೇರೆ ನಗರಗಳಲ್ಲಿ ಮಾಡಿ ನೋಡಿದಾಗ ಫಲ ಒಂದೇ ತೆರ ಬರಲಿಲ್ಲ, ಮಿಲ್ವಾಕಿಯಲ್ಲಂತೂ ನಿರುದ್ಯೋಗಿಗಳ ವಿಷಯದಲ್ಲಿ ಬಂಧನದ ನಂತರ ಹಿಂಸೆ ಹೆಚ್ಚಿತು. ಬೇಕಾದದ್ದು ದೊಡ್ಡ ಶಿಕ್ಷೆಯಲ್ಲ, ತಪ್ಪದ ಶಿಕ್ಷೆ. ದಕ್ಷಿಣ ಡಕೋಟಾ ರಾಜ್ಯ 2005ರಲ್ಲಿ ಕುಡಿದು ಗಾಡಿ ಓಡಿಸುವವರಿಗಾಗಿ ಒಂದು ಕ್ರಮ ಶುರುಮಾಡಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಉಸಿರು ಊದಬೇಕು. ಕುಡಿದಿದ್ದರೆ ಅಲ್ಲಿಂದಲೇ ಲಾಕಪ್ಪಿಗೆ, ಒಂದೆರಡು ದಿನ. ಪಾಠ ಇಲ್ಲ, ಚಕ್ರ ಇಲ್ಲ, ಧೋರಣೆಯ ಮಾತಿಲ್ಲ. 2013ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಆ ಕ್ರಮ ಜಾರಿಯಾದ ಕೌಂಟಿಗಳಲ್ಲಿ ಕುಡಿದು ಓಡಿಸಿ ಮತ್ತೆ ಸಿಕ್ಕಿಬೀಳುವುದು ಶೇ. 12ರಷ್ಟು ಇಳಿಯಿತು, ಕೌಟುಂಬಿಕ ಹಿಂಸೆಯ ಬಂಧನಗಳೂ ಶೇ. 9ರಷ್ಟು ಇಳಿದವು. ಹೆಂಡತಿಯ ಸುದ್ದಿಯನ್ನೇ ಎತ್ತದ ಕಾರ್ಯಕ್ರಮವೊಂದು ಇಡೀ ಕೌಂಟಿಯ ಲೆಕ್ಕದಲ್ಲಿ ಮಾಡಿದ್ದು ಇದು.

ಗುಂಪಿಗೆ ಹೋಗುವ ಹಣ, ಜನ, ಸಮಯವನ್ನು ಎರಡು ಕಡೆ ತಿರುಗಿಸಬೇಕು. ಒಂದು, ಕಾವಲು. ಕುಡಿತ ಸೇರಿರುವ ಪ್ರಕರಣದಲ್ಲಿ ದಿನಕ್ಕೆರಡು ಉಸಿರು ಪರೀಕ್ಷೆ, ತಪ್ಪಿದ 24 ಗಂಟೆಯೊಳಗೆ ಚಿಕ್ಕ ಶಿಕ್ಷೆ. ರಕ್ಷಣಾ ಆದೇಶ ಹೊರಟ ದಿನವೇ ಮನೆಯಿಂದ ಬಂದೂಕು ತೆಗೆಸುವುದು. ಆದೇಶದಲ್ಲಿ 'ಒಪ್ಪಿಸತಕ್ಕದ್ದು' ಎಂದು ಬರೆದು ಅವನೇ ತಂದುಕೊಡಲಿ ಎಂದು ಕಾಯುವುದಲ್ಲ, ಪೊಲೀಸರು ಹೋಗಿ ತರುವುದು. ಕತ್ತು ಹಿಸುಕಿದವನನ್ನು, ಕೊಲ್ಲುತ್ತೇನೆ ಎಂದವನನ್ನು ಗುಂಪಿನ ಸರದಿಯಲ್ಲಿ ನಿಲ್ಲಿಸದೆ ನೇರವಾಗಿ ಅತಿ ಅಪಾಯದ ಪಟ್ಟಿಗೆ ಹಾಕುವುದು. ಎರಡು, ಅವಳು. ಬೀಗ ಬದಲಿಸಲು, ಬೇರೆ ಮನೆಗೆ ಮುಂಗಡ ಕೊಡಲು, ಅವನ ಹೆಸರಿನಲ್ಲಿಲ್ಲದ ಹೊಸ ಫೋನ್ ನಂಬರಿಗೆ, ಮಗುವಿನ ಶಾಲೆ ಬದಲಿಸಲು ಬೇಕಾಗುವ ಮೊತ್ತ ದೊಡ್ಡದಲ್ಲ. ವಾರಕ್ಕೆ ಎರಡು ಗಂಟೆ ಅವನನ್ನು ಕೂರಿಸುವ ವ್ಯವಸ್ಥೆಯ ಹತ್ತಿರ ಉಳಿದ 166 ಗಂಟೆಗೆ ಅವಳಿಗೆ ಕೊಡಲು ಏನೂ ಇರುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಗುಂಪುಗಳು ನಾಳೆಯೇ ಮುಚ್ಚುವುದಿಲ್ಲ, ಕಾನೂನಿನಲ್ಲೇ ಬರೆದಿಟ್ಟ ಕಡೆಗಳಲ್ಲಂತೂ ಇಲ್ಲ. ಮುಂದುವರಿಯುವುದಾದರೆ ಕನಿಷ್ಠ ಅದು ಕೊಡುವ ಕಾಗದವನ್ನಾದರೂ ಬದಲಿಸಬೇಕು. 'ಯಶಸ್ವಿಯಾಗಿ ಪೂರೈಸಿದ್ದಾನೆ' ಎಂಬ ಸಾಲು ಅದರಲ್ಲಿ ಇರಕೂಡದು. ಬಂದ ವಾರ ಎಷ್ಟು, ತಪ್ಪಿದ ವಾರ ಎಷ್ಟು, ಪ್ರತಿ ಗೈರನ್ನು ಯಾವ ತಾರೀಕು ಕೋರ್ಟಿಗೆ ತಿಳಿಸಲಾಯಿತು, ಉಸಿರು ಪರೀಕ್ಷೆಯಲ್ಲಿ ಎಷ್ಟು ಸಲ ಸಿಕ್ಕಿಬಿದ್ದ, ಸೇರುವಾಗ ಅಪಾಯದ ಅಂಕ ಎಷ್ಟಿತ್ತು, ಈಗ ಎಷ್ಟಿದೆ. ಅವಳು ಹೇಳಿದ್ದು ಒಂದಕ್ಷರವೂ ಅದರಲ್ಲಿ ಬರಬಾರದು. ಇದರ ಪ್ರತಿ, ಕೊನೆಯ ತರಗತಿಯ ತಾರೀಕಿನ ಸಮೇತ, ಅವನ ಕೈ ಸೇರುವ ಕನಿಷ್ಠ ಒಂದು ವಾರ ಮುಂಚೆ, ಅವಳು ಬೇಕೆಂದರೆ ಅವಳು ಹೇಳಿದ ವಿಳಾಸಕ್ಕೆ ಹೋಗಬೇಕು.